ಕಳಸೆಯ ಲೆಕ್ಕ ಗೊತ್ತಿರುವವರು ಮ್ಯೂಸಿಯಂಗೆ ಬರಲಿ

ಮಂಗಳೂರಿನಲ್ಲಿ ಶಿಕ್ಷಕರು, ಪೋಷಕರು ಮತ್ತು ಊರಿನ ಬಗ್ಗೆ ಆಸಕ್ತಿ ಇರುವ ಯುವಜನರ ಮುಂದೆ ಆಡಿದ ಮಾತುಗಳ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ಮ್ಯೂಸಿಯಂ ಸುತ್ತಮುತ್ತ ಪರಂಪರೆ ನಡಿಗೆ, ಕಾರ್ಯಾಗಾರ, ಮನೆಮಂದಿ ಎಲ್ಲ ಸೇರಿ ಮಾಡುವ ಚಟುವಟಿಕೆ, ಇವುಗಳ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದೀರಿ. ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮ್ಯೂಸಿಯಂಗಳಲ್ಲಿ ವಸ್ತುಗಳಿಗೆ ಕೊರತೆ ಇಲ್ಲ. ಆದರೆ ಆ ವಸ್ತುಗಳನ್ನು ಬಳಸಿದವರು ಒಳಗೆ ಬರುತ್ತಿಲ್ಲ. ಕಾರ್ಯಕ್ರಮ ಮಾಡುವಾಗ ನಾವು ಮಕ್ಕಳನ್ನು ಕರೆಯುತ್ತೇವೆ, ತಿಳಿದವರನ್ನು ಕರೆಯುತ್ತೇವೆ. ಅಜ್ಜ ಅಜ್ಜಿಯರನ್ನು ಕರೆಯುವುದಿಲ್ಲ. ಕರೆದರೂ ಹಿಂದಿನ ಸಾಲಿನಲ್ಲಿ ಕೂರಿಸುತ್ತೇವೆ. ಮಾತಾಡಬೇಕಾದವರು ಅವರು. ಅವರು ಹೇಳಿದ್ದು ಮ್ಯೂಸಿಯಂನಲ್ಲಿ ಬರಹವಾಗಿ ಉಳಿಯಬೇಕು. ಅದನ್ನು ಹೇಗೆ ಮಾಡಬಹುದು ಅನ್ನುವುದನ್ನೇ ಇವತ್ತು ಹೇಳುತ್ತೇನೆ.

ಕಳಸೆಯಿಂದ ಶುರು ಮಾಡೋಣ. ಭತ್ತ, ಅಕ್ಕಿ ಅಳೆಯುವ ಪಾತ್ರೆ. ನಮ್ಮ ಕಡೆಯ ಹಳೆ ಮನೆಗಳ ಅಟ್ಟದಲ್ಲಿ ಈಗಲೂ ಇರುತ್ತದೆ. ಮ್ಯೂಸಿಯಂನಲ್ಲಿ ಇಟ್ಟರೆ ಕೆಳಗೆ 'ಧಾನ್ಯ ಅಳೆಯುವ ಸಾಧನ' ಅಂತ ಒಂದು ಚೀಟಿ. ಮಕ್ಕಳು ಅದನ್ನು ಓದಿ ಮುಂದಕ್ಕೆ ಹೋಗುತ್ತಾರೆ. ಒಮ್ಮೆ ನಾವು ಬೇಸಾಯದ ಮನೆಯ ಒಬ್ಬ ಅಜ್ಜಿಯ ಮುಂದೆ ಕಳಸೆ, ಸೇರು, ಒಂದಷ್ಟು ಕುಚ್ಚಲಕ್ಕಿ ಇಟ್ಟೆವು. ಅವರು ಕೂಡಲೇ ನೆಲದಲ್ಲಿ ಕೂತರು. ಸೇರಿಗೆ ಅಕ್ಕಿ ತುಂಬಿ, ಅಂಗೈಯಲ್ಲಿ ಮೇಲೆ ಸವರಿ, ಕಳಸೆಗೆ ಸುರಿದು 'ಲಾಭ' ಅಂದರು. ಮುಂದಿನ ಸೇರಿಗೆ 'ಎರಡು', ಆಮೇಲೆ 'ಮೂರು'. ಒಬ್ಬಳು ಹುಡುಗಿ, 'ಅಜ್ಜಿ, ಒಂದು ಎಲ್ಲಿ ಹೋಯ್ತು?' ಅಂತ ಕೇಳಿದಳು. 'ಅಳೆಯುವಾಗ ಒಂದು ಅಂತ ಹೇಳ್ಲಿಕ್ಕಿಲ್ಲ ಮಗಾ, ಲಾಭ ಅಂತ ಸುರು ಮಾಡ್ಬೇಕು' ಅಂದರು ಅಜ್ಜಿ. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ ಮುಡಿಗೆ 42 ಸೇರು ಅನ್ನುವ ಲೆಕ್ಕವನ್ನೂ ಹೇಳಿದರು. ಮುಡಿ ಅಂದರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ. ಬೈಹುಲ್ಲಿನ ಹಗ್ಗ ಸುತ್ತಿ ಸುತ್ತಿ ಅದನ್ನು ಕಟ್ಟುವುದನ್ನು ಬರಿಗೈಯಲ್ಲೇ ಅಭಿನಯಿಸಿ ತೋರಿಸಿದರು.

ಆಮೇಲೆ ಮಾತು ಗೇಣಿಗೆ ಹೋಯಿತು. ಆಗ ಗೇಣಿ ಕೊಡುತ್ತಿದ್ದದ್ದು ಮುಡಿ ಲೆಕ್ಕದಲ್ಲಿ. ಮಳೆ ಕೈಕೊಟ್ಟರೂ ಧಣಿಗಳ ಮನೆಗೆ ಅಕ್ಕಿ ಮುಡಿ ಹೋಗಲೇಬೇಕಿತ್ತು. 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಗೇಣಿದಾರರು ಭೂಮಿಗೆ ಒಡೆಯರಾದರು. ಅವತ್ತು ಆ ಗುಂಪಿನಲ್ಲಿ ಒಕ್ಕಲು ಮನೆಯ ಮಕ್ಕಳೂ ಇದ್ದರು, ಗೇಣಿ ಪಡೆಯುತ್ತಿದ್ದ ಮನೆಯ ಮಕ್ಕಳೂ ಇದ್ದರು. ಎಲ್ಲರೂ ಒಟ್ಟಿಗೆ ಕೂತು ಕೇಳಿದರು. ಒಂದು ಅಳತೆಪಾತ್ರೆ ಇಷ್ಟು ದೂರ ಕರೆದುಕೊಂಡು ಹೋಗಬಲ್ಲದು. ಚೀಟಿ ಓದಿದರೆ ಇದು ಸಿಗುವುದಿಲ್ಲ, ಅಲ್ವಾ?

ಈಗ ನಡಿಗೆಯ ವಿಷಯ. ಬಿಜೈಯಲ್ಲಿ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಮಂಗಳೂರಿನಲ್ಲೇ ಹುಟ್ಟಿ ಬೆಳೆದು ಒಮ್ಮೆಯೂ ಒಳಗೆ ಹೋಗದವರು ಈ ಸಭೆಯಲ್ಲೂ ಇರಬಹುದು. ಅದು ಮೊದಲು ಮನೆಯಾಗಿತ್ತು. ಕರ್ನಲ್ ಮಿರಜ್ಕರ್ ಅನ್ನುವ ಸರ್ಜನ್ ತಮ್ಮ ತಾಯಿಯ ನೆನಪಿಗಾಗಿ ಅದನ್ನು ಬಿಟ್ಟುಕೊಟ್ಟರು. 1960ರಲ್ಲಿ ಮ್ಯೂಸಿಯಂ ಆಯಿತು. ಕಟ್ಟಡದ ಆಕಾರ ಹಡಗಿನದ್ದು. ಮಕ್ಕಳಿಗೆ ಮೊದಲು ಹೊರಗೆ ನಿಂತು ಅದನ್ನು ಗುರುತಿಸಲು ಬಿಡಿ. ಒಂದು ಮನೆ ಮ್ಯೂಸಿಯಂ ಆದ ಕಥೆಯೇ ಮನೆಮಂದಿಯ ಚಟುವಟಿಕೆಗೆ ಒಳ್ಳೆಯ ಆರಂಭ. ನಿಮ್ಮ ಮನೆ ನಾಳೆ ಮ್ಯೂಸಿಯಂ ಆದರೆ ಯಾವ ವಸ್ತು ಇಡುತ್ತೀರಿ ಅಂತ ಕೇಳಿ. ಅಪ್ಪ ಒಂದು ಹೇಳುತ್ತಾರೆ, ಅಜ್ಜಿ ಬೇರೆಯೇ ಒಂದು ಹೇಳುತ್ತಾರೆ.

ಈ ಮ್ಯೂಸಿಯಂಗೆ ಸುಮ್ನೆ ಬಸ್ಸಿನಲ್ಲಿ ಬಂದು ಇಳಿಯುವ ಬದಲು ಕದ್ರಿಯಿಂದ ನಡೆದು ಬನ್ನಿ. ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ವಿಗ್ರಹ ಇದೆ. ಮೂರು ಮುಖ, ಆರು ಕೈ. ಅದರ ಪೀಠದಲ್ಲಿ ಶಾಸನ ಇದೆ. ಆಳುಪ ಅರಸ ಕುಂದವರ್ಮ ಕ್ರಿ.ಶ. 968ರಲ್ಲಿ ಇದನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದ ಅಂತ ಅದು ಹೇಳುತ್ತದೆ. ಬೌದ್ಧರು, ನಾಥಪಂಥದವರು, ಶೈವರು, ಎಲ್ಲರ ಹೆಜ್ಜೆಯೂ ಈ ಒಂದು ಗುಡ್ಡದಲ್ಲಿ ಇದೆ. ಮೇಲೆ ಕೆರೆಗಳು, ಜೋಗಿ ಮಠ. ಇಷ್ಟನ್ನು ನಡಿಗೆ ನಡೆಸುವವರು ಓದಿಕೊಂಡು ಹೇಳಬಹುದು. ಆದರೆ ಗೋಮುಖದ ನೀರು ಬೇಸಿಗೆಯಲ್ಲಿ ಎಷ್ಟು ಸಣ್ಣಗೆ ಬೀಳುತ್ತದೆ, ಕೆರೆಯಲ್ಲಿ ಈಜು ಕಲಿತವರು ಯಾರು, ಕದ್ರಿ ಕಂಬಳ ರಸ್ತೆಯ ಪಕ್ಕ ಗದ್ದೆ ಹೇಗಿತ್ತು, ಇದನ್ನೆಲ್ಲ ಅಲ್ಲೇ ವಾಸ ಇರುವವರು ಹೇಳಬೇಕು. ಹಾಗಾಗಿ ನಡಿಗೆಗೆ ಮೊದಲು ನೀವು ಒಬ್ಬರೇ ಹೋಗಿ ಅಲ್ಲಿನ ಹಿರಿಯರ ಪರಿಚಯ ಮಾಡಿಕೊಳ್ಳಿ. ನಡಿಗೆಯ ದಿನ ಅವರ ಮನೆಯ ಗೇಟಿನ ಹತ್ತಿರ ಎಲ್ಲರೂ ನಿಲ್ಲಿ. ಹತ್ತು ನಿಮಿಷ ಅವರು ಮಾತಾಡಲಿ. ಅವರು ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಹೇಳಲಿ, ಕೊಂಕಣಿಯಾದರೆ ಕೊಂಕಣಿ, ಬ್ಯಾರಿಯಾದರೆ ಬ್ಯಾರಿ. ಗುಂಪಿನಲ್ಲಿ ಅರ್ಥವಾಗುವವರು ಒಬ್ಬರಾದರೂ ಇದ್ದೇ ಇರುತ್ತಾರೆ, ಉಳಿದವರಿಗೆ ಅವರು ಹೇಳಲಿ.

ಕೆಲವು ಸಣ್ಣ ವಿಷಯಗಳು. ಗುಂಪು ಇಪ್ಪತ್ತು ಜನಕ್ಕಿಂತ ಜಾಸ್ತಿ ಬೇಡ. ಹಿಂದಿನವರಿಗೆ ಕೇಳಿಸದಿದ್ದರೆ ಅವರು ಮೊಬೈಲ್ ತೆಗೆಯುತ್ತಾರೆ. ಮೈಕ್ ಹಿಡಿದರೆ ಹಿರಿಯರು ಬಿಗಿಯಾಗಿಬಿಡುತ್ತಾರೆ. ಬೆಳಿಗ್ಗೆ ಆರೂವರೆಗೆ ಶುರು, ಎಂಟೂವರೆ ಒಳಗೆ ಮುಗಿಯಬೇಕು. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್ 18 ವಿಶ್ವ ಪರಂಪರೆ ದಿನ, ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ. ಎರಡೂ ನಮ್ಮ ಕಡು ಬೇಸಿಗೆಯಲ್ಲಿ ಬರುತ್ತವೆ. ಆ ದಿನಗಳಲ್ಲಿ ಒಳಗೆ ಕೂತು ಮಾಡುವ ಕೆಲಸ ಇಟ್ಟುಕೊಳ್ಳಿ. ಮತ್ತೆ, ಹಿರಿಯರನ್ನು ಕರೆಯುತ್ತೀರಿ ಅಂದರೆ ಕೂರಲು ಜಾಗ, ಶೌಚಾಲಯ, ಮೆಟ್ಟಿಲಿಲ್ಲದ ದಾರಿ, ಈ ಮೂರನ್ನು ಮೊದಲೇ ನೋಡಿಟ್ಟುಕೊಳ್ಳಬೇಕು. ಇದು ಇಲ್ಲದೆ ಅವರನ್ನು ಕರೆಯುವುದು ಸರಿಯಲ್ಲ.

ಕಾರ್ಯಾಗಾರಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಹೆಂಚಿನದ್ದು. ಮಳೆಗಾಲದಲ್ಲೂ ಮಾಡಬಹುದು, ಖರ್ಚೂ ಕಡಿಮೆ. ತೆಳು ಬಿಳಿ ಕಾಗದ, ಮೇಣದ ಕ್ರೇಯಾನ್, ಒಂದು ಬ್ರಶ್ ಸಾಕು. ಹೆಂಚನ್ನು ಮಕ್ಕಳೇ ತರಬೇಕು. ಹಳೆ ಮನೆ ಇದ್ದವರ ಹಿತ್ತಲಲ್ಲಿ, ತೆಂಗಿನ ಬುಡದಲ್ಲಿ ಒಂದಾದರೂ ಬಿದ್ದಿರುತ್ತದೆ. ಫ್ಲಾಟಿನಲ್ಲಿರುವ ಮಕ್ಕಳು ಅಜ್ಜಿಮನೆಗೆ ಫೋನ್ ಮಾಡಿ ತರಿಸುತ್ತಾರೆ. ಅಲ್ಲಿಗೇ ಮಾತು ಶುರುವಾಯಿತು ನೋಡಿ. ಪಾಚಿ ಉಜ್ಜಿ ತೆಗೆದು, ಹೆಂಚಿನ ಅಡಿಭಾಗಕ್ಕೆ ಕಾಗದ ಹಚ್ಚಿ ಹಿಡಿದು, ಕ್ರೇಯಾನನ್ನು ಅಡ್ಡಡ್ಡ ತಿಕ್ಕಬೇಕು. ನಿಧಾನಕ್ಕೆ ಅಕ್ಷರ ಮೂಡುತ್ತದೆ. ಕಂಪನಿಯ ಹೆಸರು, ಊರು, ಕೆಲವದರಲ್ಲಿ ಒಂದು ಗುರುತು. 'ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865' ಅಂತ ಬಂದರೆ ಮಕ್ಕಳು ಕುಣಿಯುತ್ತಾರೆ. ಆಗ ಒಂದು ವಿಷಯ ತಿಳಿಸಿ ಹೇಳಬೇಕು. ಅದು ಕಾರ್ಖಾನೆ ಶುರುವಾದ ವರ್ಷ, ಆ ಹೆಂಚು ಮಾಡಿದ ವರ್ಷ ಅಲ್ಲ. ಮನೆ ಯಾವಾಗ ಕಟ್ಟಿದ್ದು ಅಂತ ಹಿರಿಯರನ್ನು ಕೇಳಿಯೇ ಹೆಂಚಿನ ವಯಸ್ಸನ್ನು ಅಂದಾಜು ಮಾಡಬೇಕು.

ಬಾಸೆಲ್ ಮಿಷನ್ ಅಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಮಿಷನರಿ ಸಂಸ್ಥೆ. ಅದರವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದವರು ಅದೇ ಮಿಷನ್‌ನ ಪ್ಲೆಬ್‌ಸ್ಟ್. ನೇತ್ರಾವತಿ, ಗುರುಪುರ ನದಿಗಳ ದಡದಲ್ಲಿ ಒಳ್ಳೆಯ ಆವೆಮಣ್ಣು, ಸುಡಲು ಸೌದೆ, ಸಾಗಿಸಲು ಹತ್ತಿರದಲ್ಲೇ ಬಂದರು. ಹಾಗಾಗಿ ಇಲ್ಲಿಯೇ ಈ ಉದ್ಯಮ ಬೆಳೆಯಿತು. ಆಲ್ಬುಕರ್ಕ್ ಮುಂತಾದ ನಮ್ಮವರ ಕಾರ್ಖಾನೆಗಳೂ ಬಂದವು. ಆಮೇಲೆ ಮಣ್ಣು ಸಿಗುವುದು ಕಷ್ಟವಾಯಿತು, ಕಾಂಕ್ರೀಟು ಮಾಡು ಬಂತು, ಒಂದೊಂದಾಗಿ ಬಾಗಿಲು ಹಾಕಿದವು. ಅಲ್ಲಿ ದುಡಿದ ಗಂಡಸರು, ಹೆಂಗಸರು ಇನ್ನೂ ನಮ್ಮ ನಡುವೆ ಇದ್ದಾರೆ. ಅಂಥ ಒಬ್ಬರನ್ನು ಕರೆದಿದ್ದೆವು. ಅಚ್ಚಿನಿಂದ ಹೊರಬಂದ ಹಸಿ ಹೆಂಚಿನ ಅಂಚನ್ನು ಕೈಯಲ್ಲೇ ಸವರಿ ಸರಿ ಮಾಡುವುದು, ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತದೆ ಅಂತ ನೆರಳಲ್ಲಿ ಒಣಗಿಸುವುದು, ಆಮೇಲೆ ಗೂಡಿನಲ್ಲಿ ಜೋಡಿಸುವುದು, ಎಲ್ಲ ಹೇಳಿದರು. ಒಂದು ಹೆಂಚನ್ನು ಬೆರಳ ಗೆಣ್ಣಿನಿಂದ ಬಡಿದರು. ಟಣ್ ಅಂತ ಬಂದರೆ ಚೆನ್ನಾಗಿ ಬೆಂದಿದೆ, ಸದ್ದು ಮಂಕಾಗಿದ್ದರೆ ಬಿರುಕಿದೆ. ಮಕ್ಕಳೆಲ್ಲ ಬಡಿದು ಬಡಿದು ನೋಡಿದರು. ಒಬ್ಬಳು ತಾಯಿ, ನಮ್ಮ ಮನೆಯಲ್ಲಿ ಮಳೆಗಾಲದ ಮುಂಚೆ ಹೆಂಚು ಕೈಯಾಡಿಸುವಾಗ, ಅಂದರೆ ತೆಗೆದು ಮತ್ತೆ ಜೋಡಿಸುವಾಗ, ನಾನು ಕೆಳಗಿನಿಂದ ಹೆಂಚು ಕೊಡುತ್ತಿದ್ದೆ ಅಂತ ಮಕ್ಕಳಿಗೆ ಹೇಳತೊಡಗಿದರು. ಅವರ ಮಗ ಅದನ್ನು ಮೊದಲ ಸಲ ಕೇಳುತ್ತಿದ್ದ.

ಹೀಗೆ ಕಾಗದದಲ್ಲಿ ತೆಗೆದ ಅಚ್ಚುಗಳನ್ನೆಲ್ಲ ಮನೆಗೆ ಕೊಟ್ಟು ಕಳಿಸಬೇಡಿ. ಒಂದು ಪ್ರತಿ ಮ್ಯೂಸಿಯಂನಲ್ಲಿ ಉಳಿಯಲಿ. ಯಾವ ಊರಿನ ಮನೆ, ಯಾವ ಕಂಪನಿ, ಯಾರು ಹೇಳಿದರು ಅಂತ ಕೆಳಗೆ ಬರೆದು, ಜಿಲ್ಲೆಯ ದೊಡ್ಡ ನಕ್ಷೆಯ ಮೇಲೆ ಅಂಟಿಸುತ್ತಾ ಹೋಗಿ. ಕೆಲವು ವರ್ಷದಲ್ಲಿ ಅದೇ ಒಂದು ಹೊಸ ಸಂಗ್ರಹ ಆಗುತ್ತದೆ, ಅದೂ ಊರಿನವರೇ ಮಾಡಿದ್ದು.

ಬಂದರಿನ ನಡಿಗೆ ಬೇರೆ ತರಹದ್ದು. ಅಲ್ಲಿ ನೋಡುವುದಕ್ಕಿಂತ ಮೂಗು, ಕಿವಿಗೆ ಕೆಲಸ ಜಾಸ್ತಿ. ಒಣಮೀನು, ಬೆಲ್ಲ, ಮೆಣಸು, ಗೋಣಿಚೀಲ. ದೋಣಿಗಳು ಬಂದು ನಿಲ್ಲುವ ಧಕ್ಕೆಯಲ್ಲಿ ಬೆಳಿಗ್ಗೆ ಮೀನು ಏಲಂ ಕೂಗುವ ಸದ್ದು. ಝೀನತ್ ಬಕ್ಷ್ ಮಸೀದಿ ದೇಶದ ಅತಿ ಹಳೆಯ ಮಸೀದಿಗಳಲ್ಲಿ ಒಂದು ಅನ್ನುವ ನಂಬಿಕೆ ಇದೆ. ಒಳಗಿನ ಮರದ ಕಂಬಗಳ ಕೆತ್ತನೆಯನ್ನು ಬಡಗಿ ಕೆಲಸ ಗೊತ್ತಿರುವವರ ಜೊತೆ ನಿಂತು ನೋಡಬೇಕು. ಆದರೆ ಮೊದಲೇ ಅನುಮತಿ ಕೇಳಿ, ನಮಾಜಿನ ಹೊತ್ತು ಬಿಟ್ಟು ಹೋಗಿ. ದೇವಸ್ಥಾನ, ಚರ್ಚು, ಬಸದಿ, ಎಲ್ಲಿಗೂ ಇದೇ ಮಾತು. ಅವು ಇವತ್ತಿಗೂ ಜನ ಪ್ರಾರ್ಥನೆ ಮಾಡುವ ಜಾಗಗಳು, ನಾವು ಅಲ್ಲಿಗೆ ನೆಂಟರಾಗಿ ಹೋಗುತ್ತಿದ್ದೇವೆ. ನಮ್ಮ ಊರಿನಲ್ಲಿ ಒಂದೇ ಬೆಳಿಗ್ಗೆ ಕಾರ್‌ಸ್ಟ್ರೀಟಿನ ವೆಂಕಟರಮಣ ದೇವಸ್ಥಾನ, ಬಂದರಿನ ಮಸೀದಿ, ರೊಸಾರಿಯೊ ಚರ್ಚು, ಮೂರನ್ನೂ ನಡೆದೇ ನೋಡಬಹುದು. ಅಕ್ಕಪಕ್ಕದ ಬೀದಿಯಲ್ಲಿ ಬೆಳೆದರೂ ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಕಾಲಿಡದ ಮಕ್ಕಳು ಈಗ ಜಾಸ್ತಿಯಾಗುತ್ತಿದ್ದಾರೆ. ನನಗೆ ಇದು ತುಂಬಾ ನೋವಿನ ವಿಷಯ. ಆ ಕಾರಣಕ್ಕಾಗಿಯೇ ಈ ನಡಿಗೆ ತಪ್ಪಿಸಬಾರದು ಅಂತ ನನ್ನ ಆಸೆ.

ಬಾವುಟಗುಡ್ಡೆಯ ಕಡೆ ಹೋದರೆ ಸಂತ ಅಲೋಶಿಯಸ್ ಚಾಪೆಲ್ ಇದೆ. ಇಟಲಿಯ ಆಂಟೋನಿಯೊ ಮೊಸ್ಕೆನಿ ಗೋಡೆ, ಸೂರು ತುಂಬಾ ಬಿಡಿಸಿದ ಚಿತ್ರಗಳನ್ನು ನೋಡಲು ಎಲ್ಲ ಕಡೆಯಿಂದ ಜನ ಬರುತ್ತಾರೆ. ಅದೇ ಸಂಸ್ಥೆಯ ಅಲೋಶಿಯಮ್ ಮ್ಯೂಸಿಯಂನಲ್ಲಿ ಮಂಗಳೂರಿನ ಮೊದಲ ಕಾರು ಇದೆ. ಮಕ್ಕಳು ಅಲ್ಲಿಂದ ಕದಲುವುದೇ ಇಲ್ಲ. ಬಾಸೆಲ್ ಮಿಷನ್‌ನ ನೆಲೆಯಾಗಿದ್ದ ಬಲ್ಮಠದ ನಡಿಗೆಯನ್ನು ಜುಲೈ 1ಕ್ಕೆ ಇಟ್ಟುಕೊಳ್ಳಬಹುದು. 1843ರ ಅದೇ ದಿನ ಆ ಮಿಷನ್‌ನ ಹೆರ್ಮನ್ ಮೊಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಹೊರಬಂತು, ಕನ್ನಡದ ಮೊದಲ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಜೋರು ಮಳೆ ಇರುತ್ತದೆ, ನಡೆಯುವುದು ಕಡಿಮೆ ಮಾಡಿ. ಪ್ರತಿ ಮನೆಯವರೂ ಕೂತು ಒಂದು ಹಾಳೆಯ ಮನೆ ಸಮಾಚಾರ ಬರೆಯಲಿ. ಅಜ್ಜ ಸುದ್ದಿ ಕೊಡುವವರು, ಮೊಮ್ಮಗಳು ಬರೆಯುವವಳು.

ಉಡುಪಿಯವರು ಇಲ್ಲಿ ಕೆಲವರು ಇದ್ದೀರಿ. ನಿಮಗೆ ನಾಣ್ಯಗಳ ಮ್ಯೂಸಿಯಂ ಇದೆ, ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲೇ. ಅವರು ಕಟ್ಟಿದ ಕಾರ್ಪೊರೇಷನ್ ಬ್ಯಾಂಕು 1906ರಲ್ಲಿ ಉಡುಪಿಯಲ್ಲಿ ಶುರುವಾದ ದಿನ, ಸಂಜೆ ಹೊತ್ತಿಗೆ ಬಂದ ಹಣ 38 ರೂಪಾಯಿ 13 ಆಣೆ 2 ಪೈ. ಇದನ್ನು ಇಂದಿನ ಲೆಕ್ಕಕ್ಕೆ ತನ್ನಿ ಅಂತ ಮಕ್ಕಳಿಗೆ ಕೊಡಿ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಅಂದರೆ ರೂಪಾಯಿಗೆ 192 ಪೈ. ಲೆಕ್ಕ ಮಾಡಿದರೆ ಸುಮಾರು 38 ರೂಪಾಯಿ 82 ಪೈಸೆ. ಮಕ್ಕಳು ಕ್ಯಾಲ್ಕುಲೇಟರ್ ಒತ್ತುವ ಮೊದಲೇ ಆಣೆ ಲೆಕ್ಕ ಕಂಡ ಅಜ್ಜ ಬಾಯಲ್ಲೇ ಹೇಳಿಬಿಡುತ್ತಾರೆ. ದಶಮಾಂಶ ನಾಣ್ಯ ಬಂದದ್ದು 1957ರಲ್ಲಿ. ಆಣೆಯಲ್ಲಿ ವ್ಯಾಪಾರ ಮಾಡಿದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ನಾವು ಯಾಕೆ ಬೇಗ ಮಾಡಬೇಕು ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಚೆನ್ನೆಮಣೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಜುಲೈ-ಆಗಸ್ಟ್ ಹೊತ್ತಿನ ಆಟಿ ತಿಂಗಳಲ್ಲಿ, ಹೊರಗೆ ಬಿಡದ ಮಳೆ ಸುರಿಯುವಾಗ ಚಾವಡಿಯಲ್ಲಿ ಆಡುತ್ತಿದ್ದ ಆಟ. ಅಕ್ಕ ತಂಗಿ ಎದುರುಬದುರು ಕೂತು ಆಡಬಾರದು ಅನ್ನುವ ನಂಬಿಕೆಯೂ ಇದೆ. ನಿಯಮಗಳು ಮನೆಯಿಂದ ಮನೆಗೆ ಬೇರೆ. ದಯವಿಟ್ಟು ಒಂದೇ ನಿಯಮ ಅಂತ ಅಚ್ಚು ಹಾಕಿ ಹಂಚಬೇಡಿ. ಬಂದವರು ತಮ್ಮ ಮನೆಯ ನಿಯಮ ಹೇಳಿಕೊಡಲಿ. ಇಬ್ಬರು ಅಜ್ಜಿಯರು ನಿಯಮದ ಮೇಲೆ ವಾದ ಮಾಡುವುದನ್ನು ಕೇಳುವುದೇ ಒಂದು ಪಾಠ.

ಒಂದು ವಿಷಯದಲ್ಲಿ ನನಗೆ ಸ್ವಲ್ಪ ಕಠಿಣ ಅಭಿಪ್ರಾಯ ಇದೆ. ಮಕ್ಕಳ ಕಾರ್ಯಕ್ರಮ ಅಂದ ಕೂಡಲೇ ಚಿತ್ರ ಸ್ಪರ್ಧೆ, ರಸಪ್ರಶ್ನೆ, ಬಹುಮಾನ, ಸರ್ಟಿಫಿಕೇಟು. ಸ್ಪರ್ಧೆ ಇಟ್ಟರೆ ಅಮ್ಮಂದಿರು ಮಕ್ಕಳ ಹಿಂದೆ ನಿಂತು, ಬೇಗ ಮುಗಿಸು ಅನ್ನುತ್ತಾರೆ. ವಸ್ತುವನ್ನು ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಗೆದ್ದವರು ಮೂರು ಮಕ್ಕಳು, ಉಳಿದವರಿಗೆ ಮ್ಯೂಸಿಯಂ ಅಂದರೆ ಸೋತ ಜಾಗ. ಒಂದು ವರ್ಷ ಸ್ಪರ್ಧೆ ಇಲ್ಲದೆ ಮಾಡಿ ನೋಡಿ. ಅಪ್ಪ, ಅಮ್ಮ, ಮಗು ಒಂದೇ ಚಾಪೆಯಲ್ಲಿ ಕೂತು ಒಂದೇ ಕೆಲಸ ಮಾಡುವಂತೆ ಇಡಿ.

ಇನ್ನೊಂದು, ಮುಟ್ಟುವ ವಿಷಯ. ಮ್ಯೂಸಿಯಂನ ವಸ್ತುಗಳನ್ನು ಮುಟ್ಟಬಾರದು ಅನ್ನುವುದು ಸರಿಯೇ. ಕೈಯ ಬೆವರು, ಉಪ್ಪು ತಾಗಿದರೆ ಲೋಹ ಕಪ್ಪಾಗುತ್ತದೆ, ನಮ್ಮ ಕರಾವಳಿಯ ಗಾಳಿಯ ತೇವದಲ್ಲಿ ಇನ್ನೂ ಬೇಗ. ಅದಕ್ಕೆ ಮುಟ್ಟಲಿಕ್ಕೆಂದೇ ಒಂದು ಬೇರೆ ಪೆಟ್ಟಿಗೆ ಇಡಬೇಕು. ಅದರಲ್ಲಿ ಸೇರು, ಅಡಿಕೆ ಹಾಳೆಯ ಟೋಪಿ ಮುಟ್ಟಾಳೆ, ಮಳೆಗೆ ಹೊದೆಯುವ ಗೊರಬು, ಲಾಟೀನು, ಚೆನ್ನೆಮಣೆ ಇರಲಿ. ಊರಿನವರಿಂದ ಕೇಳಿ ತಂದದ್ದು, ಹಳತಾದರೂ ಎರಡು ಮೂರು ಇರುವಂಥದ್ದು. ಇಂಥ ದಿನಬಳಕೆಯ ವಸ್ತುಗಳಿಗೆ ಎಷ್ಟು ಬೆಲೆ ಇದೆ ಅಂತ ತಿಳಿಯಬೇಕಾದರೆ ಬಿ.ಸಿ. ರೋಡಿನ ಸಂಚಯಗಿರಿಗೆ ಹೋಗಿ. ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುನಾಡಿನ ಬದುಕೇ ಇದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿ ಉಳಿಸಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇದೆ. ಒಬ್ಬೊಬ್ಬರ ಹಟದಿಂದ ಇಷ್ಟು ಉಳಿದಿದೆ. ಊರೇ ಕೈಹಾಕಿದರೆ ಎಷ್ಟು ಉಳಿಯಬಹುದು ಯೋಚಿಸಿ.

ಬರೆದಿಡುವ ಕ್ರಮ ಸರಳವಾಗಿರಲಿ. ಒಂದು ದಪ್ಪ ನೋಟ್‌ಬುಕ್. ಹೇಳಿದವರ ಹೆಸರು, ಊರು, ಅಂದಾಜು ವಯಸ್ಸು, ಯಾವ ಭಾಷೆಯಲ್ಲಿ ಹೇಳಿದರು, ಯಾವ ವಸ್ತುವಿನ ಬಗ್ಗೆ, ದಿನಾಂಕ. ಒಪ್ಪಿದರೆ ಮಾತ್ರ ಮೊಬೈಲಿನಲ್ಲಿ ಧ್ವನಿ ಮುದ್ರಿಸಿ. ಅದರ ಒಂದು ಪ್ರತಿ ಅವರ ಮನೆಯವರಿಗೂ ಕೊಡಿ. ಹಾಗೆ ಕೊಟ್ಟ ಧ್ವನಿಯನ್ನು ಮನೆಯವರು ಎಷ್ಟು ಜತನದಿಂದ ಇಟ್ಟುಕೊಳ್ಳುತ್ತಾರೆ ಅಂತ ನಾನು ನೋಡಿದ್ದೇನೆ. ವಸ್ತುವಿನ ಚೀಟಿಯ ಪಕ್ಕ ಅವರ ಮಾತಿನ ಎರಡು ಸಾಲನ್ನು, ಅವರು ಒಪ್ಪಿದರೆ ಹೆಸರಿನ ಸಮೇತ, ಅಂಟಿಸಿ.

ಮಾತು ಮುಗಿದ ಮೇಲೆ ಒಬ್ಬರು ಟೀಚರ್ ಕೇಳಿದರು: 'ಹಿರಿಯರು ಬರುವುದೇ ಇಲ್ಲ ಸರ್. ನಮಗೇನು ಗೊತ್ತುಂಟು, ಓದಿದವರನ್ನು ಕರೆಯಿರಿ ಅನ್ನುತ್ತಾರೆ. ಏನು ಮಾಡುವುದು?' ನಾನು ಹೇಳಿದ್ದು ಇಷ್ಟು. ಭಾಷಣ ಮಾಡಲು ಬನ್ನಿ ಅಂದರೆ ಯಾರೂ ಬರುವುದಿಲ್ಲ. ಒಂದು ವಸ್ತುವನ್ನು ಹಿಡಿದುಕೊಂಡು ನೀವೇ ಅವರ ಜಗಲಿಗೆ ಹೋಗಿ. ಜೊತೆಗೆ ಇಬ್ಬರು ಮೂವರು ಮಕ್ಕಳು ಇರಲಿ. ಇದು ಏನು ಅಂತ ಕೇಳಬೇಡಿ, ಇದನ್ನು ಹೇಗೆ ಹಿಡಿಯುವುದು ಅಂತ ಕೇಳಿ. ಕೈ ಕೆಲಸ ಶುರು ಮಾಡಿದರೆ ಮಾತು ತಾನಾಗಿ ಬರುತ್ತದೆ. ಮುಂದಿನ ಸಲ ಅವರನ್ನು ಕರೆದುಕೊಂಡು ಬರಲು ಗಾಡಿ ಕಳಿಸಿ, ಅವರ ಜೊತೆ ಬರಲು ನೆರೆಮನೆಯ ಇನ್ನೊಬ್ಬ ಅಜ್ಜಿಯನ್ನೂ ಕರೆಯಿರಿ. ಇಬ್ಬರಿದ್ದರೆ ಅವರಿಗೂ ಧೈರ್ಯ. ಆ ಟೀಚರ್ ತಮ್ಮ ಶಾಲೆಯ ಹತ್ತಿರ ಮುಡಿ ಕಟ್ಟಲು ಗೊತ್ತಿರುವ ಒಬ್ಬರು ಇದ್ದಾರೆ ಅಂದರು. ಬೈಹುಲ್ಲು ಹೊಸದಾಗಿ ಸಿಗುವುದು ಕೊಯ್ಲಿನ ಹೊತ್ತಿಗೆ, ಆಗಲೇ ಇಟ್ಟುಕೊಳ್ಳಿ ಅಂದೆ.